150 ಮಿ.ಮೀ. ಇಡಿ ರಿಫ್ರಾಕ್ಟರ್ ಬಂತು: ಕಂಡದ್ದೇನು, ಕಾಡಿದ್ದೇನು

ಮಸೂರಪ್ರಿಯ:
ಬಹಳ ಕಾಲ ಆಸೆಪಟ್ಟ ಟೆಲಿಸ್ಕೋಪ್ ಕೊನೆಗೂ ಕೈ ಸೇರಿದೆ. 150 ಮಿ.ಮೀ. ವ್ಯಾಸದ ರಿಫ್ರಾಕ್ಟರ್, ಅಂದರೆ ಕನ್ನಡಿಯಲ್ಲ, ಮಸೂರದ ಟೆಲಿಸ್ಕೋಪ್. ಇಡಿ (ಬಣ್ಣ ಕಡಿಮೆ ಚೆದುರಿಸುವ ಗಾಜು) ಡಬ್ಲೆಟ್ (ಎರಡು ಗಾಜಿನ ಮಸೂರ), ಫೋಕಲ್ ಲೆಂಗ್ತ್ 1200 ಮಿ.ಮೀ., ಅಂದರೆ ವ್ಯಾಸದ ಎಂಟು ಪಟ್ಟು, ಎಫ್ 8. ಮುಂದಿನ ಎರಡು ಗಾಜುಗಳಲ್ಲಿ ಒಂದು ಎಫ್‌ಪಿಎಲ್-53 ಅನ್ನುವ ಇಡಿ ಗಾಜು. ಕ್ಯಾಮೆರಾ ಕಟ್ಟುವ ಯೋಚನೆಯೇ ಇಲ್ಲ, ಕಣ್ಣಿಟ್ಟು ನೋಡುವುದಕ್ಕೆ ಮಾತ್ರ. ಇಷ್ಟು ದಿನ ನನ್ನ ಬಳಿ ಇದ್ದದ್ದು 100 ಮಿ.ಮೀ. ಇಡಿ. ಹಾಗಾಗಿ ಹೋಲಿಕೆ ಎಲ್ಲ ಅದರ ಜೊತೆಗೇ.

ಮೊದಲು ಗಾತ್ರದ ಮಾತು. 100ರಿಂದ 150 ಅಂದರೆ ಕಾಗದದ ಮೇಲೆ ಒಂದೂವರೆ ಪಟ್ಟು. ಪೆಟ್ಟಿಗೆ ತೆಗೆದಾಗ ಆ ಲೆಕ್ಕ ಸುಳ್ಳು ಅನ್ನಿಸುತ್ತದೆ. ಉದ್ದ, ದಪ್ಪ, ತೂಕ ಮೂರೂ ಒಟ್ಟಿಗೆ ಬೆಳೆದಿವೆ. ಟ್ಯೂಬ್ ಎತ್ತಿಕೊಂಡು ಬಾಗಿಲು ದಾಟುವಾಗ ಏಣಿ ಹೊತ್ತ ಪೈಂಟರ್ ತರ ಹಿಂದೆ ಮುಂದೆ ನೋಡಿಕೊಂಡೇ ಹೆಜ್ಜೆ ಇಡಬೇಕು. ತೂಕವೆಲ್ಲ ಗಾಜಿನ ಕಡೆಗೇ ಇದೆ. ಬ್ಯಾಲೆನ್ಸ್ ಮಾಡಿದರೆ ಐಪೀಸ್ (ಕಣ್ಣಿಡುವ ಮಸೂರ) ತುದಿ ಮೌಂಟ್‌ನಿಂದ (ಟ್ಯೂಬ್ ಹೊತ್ತು ತಿರುಗಿಸುವ ಆಸರೆ) ತುಂಬಾ ಹಿಂದೆ ಚಾಚಿಕೊಳ್ಳುತ್ತದೆ.

ಚಂದ್ರ ಮೊದಲು. ಅರ್ಧಚಂದ್ರ ಕಳೆದು ಒಂದೆರಡು ದಿನದ ಚಂದ್ರ, 200 ಪಟ್ಟು ವರ್ಧನೆ. ಕೋಪರ್ನಿಕಸ್ ಕುಳಿಯ ಒಳಗೋಡೆಯ ಮೆಟ್ಟಿಲುಗಳನ್ನು ಒಂದೊಂದಾಗಿ ಎಣಿಸಬಹುದಿತ್ತು. ಪ್ಲೇಟೋ ಅನ್ನುವ ದೊಡ್ಡ ಕುಳಿಯ ನೆಲದಲ್ಲಿ ನಡುವಿನ ಪುಟ್ಟ ಕುಳಿ ಖಚಿತವಾಗಿ ಕಂಡಿತು, ಇನ್ನೆರಡು ಮಿನುಗಿ ಮಾಯವಾಗುತ್ತಿದ್ದವು. 100ರಲ್ಲಿ ಆ ನೆಲ ನನಗೆ ಯಾವತ್ತೂ ಬರೀ ಬೂದು ತಟ್ಟೆ. ನೆರಳಿನ ಕಪ್ಪು ನಿಜಕ್ಕೂ ಕಪ್ಪಾಗಿತ್ತು.

ಆಮೇಲೆ ಅಭಿಜಿತ್ ನಕ್ಷತ್ರದ ಪಕ್ಕದ ಎಪ್ಸಿಲಾನ್ ಲೈರೇ, ಎರಡು ಜೋಡಿಯ ನಕ್ಷತ್ರ. ನಾಲ್ಕೂ ಚುಕ್ಕಿ, ಎರಡೂ ಜೋಡಿಯ ನಡುವೆ ಕಪ್ಪು ಸಂದು. ಪ್ರತಿ ಚುಕ್ಕಿಯ ಸುತ್ತ ಒಂದು ತೆಳು ಉಂಗುರ. ಜ್ಯೇಷ್ಠಾ ನಕ್ಷತ್ರದ ಸಂಗಾತಿ ಒಂದು ಕ್ಷಣ ಹಸಿರು ಚುಕ್ಕಿಯಾಗಿ ಹೊರಬಂದು ಮತ್ತೆ ಕೆಂಪಲ್ಲಿ ಮುಳುಗಿತು. ಚಂದ್ರನಿಲ್ಲದ ರಾತ್ರಿ ಎಂ 13 ನಕ್ಷತ್ರಗುಚ್ಛದ ಅಂಚಿನ ನಕ್ಷತ್ರಗಳು ಬಿಡಿಬಿಡಿಯಾದವು, ಒಳಗೆ ಮಾತ್ರ ಮಂಜು ಮಂಜು.

ಈಗ ದೂರು. 200 ಪಟ್ಟಿನಲ್ಲಿ ಫೋಕಸರ್ ಮುಟ್ಟಿದರೆ ನಕ್ಷತ್ರ ಕುಣಿಯುತ್ತದೆ, ನಿಲ್ಲಲು ನಾಲ್ಕೈದು ಸೆಕೆಂಡ್. ನೆತ್ತಿಯ ಮೇಲಿನದನ್ನು ನೋಡಬೇಕೆಂದರೆ ನೆಲದ ಮೇಲೆ ಕೂರಬೇಕು. ದಿಗಂತದ ಹತ್ತಿರದ್ದಾದರೆ ನಿಂತುಕೊಂಡೇ ನೋಡಬೇಕು.

ಮೌಂಟ್ ಬದಲಿಸಲೇಬೇಕಾ, ಇರುವುದನ್ನೇ ಗಟ್ಟಿ ಮಾಡಬಹುದಾ? ಅಭಿಜಿತ್ ಸುತ್ತ ಕೂದಲೆಳೆಯಷ್ಟು ನೇರಳೆ ಕಾಣುತ್ತದೆ, ಅದು ಸಹಜವಾ? ವರ್ಷಗಟ್ಟಲೆ ಬಳಸಿದವರು ಹೇಳಿ, ಇದನ್ನು ಹೊರಗೆ ತೆಗೆಯುವ ಉತ್ಸಾಹ ಉಳಿಯುತ್ತದಾ?

ಚಂದ್ರಚಕೋರಿ:
ಪ್ಲೇಟೋ ಕುಳಿ ಕಂಡಿತು ಅಂದ ಮೇಲೆ ಗಾಜು ಚೆನ್ನಾಗಿದೆ. ಅಭಿನಂದನೆ ಸಾರ್. ಮುಂದಿನ ಸಲ ಚಂದ್ರನ ಸ್ಟ್ರೇಟ್ ವಾಲ್ ನೋಡಿ. ನೂರು ಕಿಲೋಮೀಟರ್‌ಗೂ ಉದ್ದದ ಆ ಕಪ್ಪು ಗೆರೆ ಇದರಲ್ಲಿ ಚಾಕುವಿನಿಂದ ಕೊಯ್ದಷ್ಟು ಚೂಪಾಗಿ ಬರುತ್ತದೆ.

ಡಾಬ್‌ಸವಾರ:
ಯಾರೂ ಹೇಳದ ಮಾತು ನಾನೇ ಹೇಳುತ್ತೇನೆ, ಬೈಯಬೇಡಿ. 250 ಮಿ.ಮೀ. ಡಾಬ್ (ಡಾಬ್ಸೋನಿಯನ್, ನೆಲದ ಮೇಲಿನ ಸರಳ ಪೀಠದ ಕನ್ನಡಿ ಟೆಲಿಸ್ಕೋಪ್) ಇದರ 2.8 ಪಟ್ಟು ಬೆಳಕು ಹಿಡಿಯುತ್ತದೆ. ಕುರ್ಚಿಯಲ್ಲಿ ಕೂತು ನೋಡಬಹುದು, ನೆಲ ಒರೆಸಬೇಕಾಗಿಲ್ಲ. ಮೌಂಟ್ ಅನ್ನುವ ತಲೆನೋವೇ ಇಲ್ಲ. ಎಂ 13 ಒಳಗಿನ ತನಕ ಬಿಡಿಯಾಗುತ್ತದೆ. ಹಾಗಿದ್ದ ಮೇಲೆ ಈ ಉದ್ದ ಕೊಳವೆ ಯಾಕೆ?

ಜೋಡಿತಾರೆ:
ಬಂದರು ನೋಡಿ, ಎರಡನೇ ಉತ್ತರಕ್ಕೇ ಡಾಬ್. ನಾನು ನಾಲ್ಕನೆಯದಕ್ಕೆ ಬರುತ್ತೀರಿ ಅಂದುಕೊಂಡಿದ್ದೆ.

2.8 ಪಟ್ಟು ಅನ್ನುವುದು ಬರೀ ವ್ಯಾಸದ ವರ್ಗ. ನಿಮ್ಮ ಡಾಬ್‌ನಲ್ಲಿ ನಡುವೆ ಅಡ್ಡ ನಿಂತ ಕನ್ನಡಿ ಇದೆ. ವ್ಯಾಸದ ಕಾಲುಭಾಗ ಅಂತ ಹಿಡಿದರೆ ಶೇ. 6 ಬೆಳಕು ಅಲ್ಲೇ ಹೋಯಿತು. ಎರಡು ಕನ್ನಡಿ, ಒಂದೊಂದು ಶೇ. 90 ಪ್ರತಿಫಲಿಸಿದರೆ ಉಳಿದದ್ದು ಶೇ. 81. ಎಲ್ಲ ಗುಣಿಸಿ ನೋಡಿ, ಎರಡು ಪಟ್ಟು ಚಿಲ್ಲರೆಗೆ ಇಳಿಯುತ್ತದೆ. ಅದೂ ಜಾಸ್ತಿಯೇ, ಇಲ್ಲ ಅನ್ನುವುದಿಲ್ಲ. ಆದರೆ ಮಸೂರಪ್ರಿಯ ಬರೆದದ್ದು ನೋಡಿ: ಚುಕ್ಕಿ, ಉಂಗುರ, ಕಪ್ಪು ಸಂದು. ಅಡ್ಡಿಯಿಲ್ಲದ ಮಸೂರದಲ್ಲಿ ನಕ್ಷತ್ರದ ಬೆಳಕಿನ ಸುಮಾರು ಶೇ. 84 ನಡುವಿನ ಚುಕ್ಕಿಯಲ್ಲೇ ಇರುತ್ತದೆ. ನಡುವೆ ಅಡ್ಡಿ ಬಂದರೆ ಅದರಲ್ಲಿ ಒಂದಿಷ್ಟು ಉಂಗುರಗಳಿಗೆ ಸೋರುತ್ತದೆ. ಜ್ಯೇಷ್ಠಾ ತರದ ಜೋಡಿಯಲ್ಲಿ, ಒಂದು ಝಗಮಗ, ಪಕ್ಕದ್ದು ಮಂಕು, ಆ ಸೋರಿದ ಬೆಳಕೇ ಸಂಗಾತಿಯನ್ನು ನುಂಗುವುದು.

ಡಾಬ್‌ಸವಾರ:
ಲೆಕ್ಕ ಒಪ್ಪಿದೆ. ಆದರೆ ಡಾಸ್ ಮಿತಿಯನ್ನೂ ಹೇಳಿ ಮತ್ತೆ, ಎರಡು ಚುಕ್ಕಿ ಬೇರೆಯಾಗಿ ಕಾಣುವ ಅತಿ ಸಣ್ಣ ಅಂತರ. 116 ಭಾಗಿಸು ಮಿಲಿಮೀಟರ್‌ನಲ್ಲಿ ವ್ಯಾಸ. 150ಕ್ಕೆ 0.77 ಆರ್ಕ್‌ಸೆಕೆಂಡ್ (ಡಿಗ್ರಿಯ 3600ನೇ ಒಂದು ಭಾಗ), 250ಕ್ಕೆ 0.46. ಗಾಳಿ ಶಾಂತವಾಗಿದ್ದ ರಾತ್ರಿ ನಿಮ್ಮ ಅಂದದ ಉಂಗುರಗಳೆಲ್ಲ ನನ್ನ ಕನ್ನಡಿ ಬಿಡಿಸುವ ಜೋಡಿಯ ಮುಂದೆ ಸುಮ್ನೆ ಅಲಂಕಾರ.

ಜೋಡಿತಾರೆ:
ಆ ಶಾಂತ ರಾತ್ರಿ ಯಾವಾಗ ಬರುತ್ತದೆ ಅಂತ ಮೊದಲೇ ತಿಳಿಸಿ, ನಾನೂ ಬರುತ್ತೇನೆ.

ಟ್ರೈಪಾಡ್‌ತಾತ:
ಮಕ್ಕಳೇ, ಜಗಳ ಆಮೇಲೆ. ಮಸೂರಪ್ರಿಯ ಕೇಳಿದ್ದು ಮೌಂಟ್ ಬಗ್ಗೆ.

ಮೌಂಟ್ ಮೇಲೆ ಬರೆದ ಕಿಲೋ ಲೆಕ್ಕ ನಂಬಬೇಡಿ. ಗಿಡ್ಡ ಕೊಳವೆಗೂ ಉದ್ದ ಕೊಳವೆಗೂ ಒಂದೇ ತೂಕ ಇರಬಹುದು, ಆದರೆ ಅಲುಗಾಟ ಒಂದೇ ಅಲ್ಲ. ತೂಕ ಅಷ್ಟೇ ಇದ್ದು ಉದ್ದ ಎರಡು ಪಟ್ಟಾದರೆ ಅದನ್ನು ತಿರುಗಿಸುವ, ನಿಲ್ಲಿಸುವ ಕಷ್ಟ ನಾಲ್ಕು ಪಟ್ಟು. ಜಡತ್ವ ಉದ್ದದ ವರ್ಗಕ್ಕೆ ತಕ್ಕಂತೆ ಏರುತ್ತದೆ. ನಿಮ್ಮ ಮೌಂಟ್ 100 ಮಿ.ಮೀ.ಗೆ ಚೆನ್ನಾಗಿತ್ತು ಅಂದರೆ ಇದಕ್ಕೂ ಸಾಕು ಅಂತ ಅರ್ಥವಲ್ಲ.

ಹೊಸ ಮೌಂಟ್ ತರುವ ಮುಂಚೆ ಇಷ್ಟು ಮಾಡಿ ನೋಡಿ. ಟ್ರೈಪಾಡ್ ಕಾಲುಗಳನ್ನು ಪೂರ್ತಿ ಒಳಗೆ ಸರಿಸಿ, ಟ್ಯೂಬ್ ಹತ್ತಿಸಿ, ಬೆರಳಿಂದ ಮೆಲ್ಲಗೆ ತಟ್ಟಿ. ಎರಡು ಸೆಕೆಂಡ್ ಒಳಗೆ ನಿಂತರೆ ತಪ್ಪು ಕಾಲುಗಳದ್ದು. ಆಗಲೂ ನಾಲ್ಕು ಸೆಕೆಂಡ್ ಕುಣಿದರೆ ತಪ್ಪು ಮೌಂಟ್ ತಲೆಯದ್ದು, ಅದಕ್ಕೆ ಮದ್ದು ಕಡಿಮೆ. ಟ್ಯೂಬ್ ಹಿಡಿದ ರಿಂಗ್‌ಗಳು ಪಕ್ಕಪಕ್ಕ ಇದ್ದರೆ ಆದಷ್ಟು ದೂರ ಸರಿಸಿ. ರಿಂಗ್‌ಗಳನ್ನು ಮೌಂಟ್‌ಗೆ ಕೂರಿಸುವ ಡವ್‌ಟೇಲ್ ಪಟ್ಟಿ ಕಿರಿದಾದದ್ದು ಇದ್ದರೆ ಅಗಲದ್ದು ಹಾಕಿ, ಮೌಂಟ್‌ನ ಹಿಡಿ ಅದಕ್ಕೆ ಒಪ್ಪಬೇಕು ಅಷ್ಟೆ. ಎದುರುತೂಕವನ್ನು ಸರಳಿನ ತುದಿಗೆ ಹಾಕಬೇಡಿ. ಜಾಸ್ತಿ ತೂಕ ಹಾಕಿ ಅಕ್ಷದ ಹತ್ತಿರಕ್ಕೆ ಎಳೆಯಿರಿ. ಮೌಂಟ್ ಮೇಲಿನ ಭಾರ ಏರುತ್ತದೆ, ಜಡತ್ವ ಇಳಿಯುತ್ತದೆ. ಹಲವರಿಗೆ ಇದು ತಲೆಕೆಳಗು ಅನ್ನಿಸುತ್ತದೆ, ಮಾಡಿ ನೋಡಿದ ಮೇಲೆ ಸುಮ್ಮನಾಗುತ್ತಾರೆ.

ಎಲ್ಲಕ್ಕಿಂತ ಮುಖ್ಯ: ಜೋಡಿಸುವಾಗ ಮೊದಲು ಎದುರುತೂಕ, ಆಮೇಲೆ ಟ್ಯೂಬ್. ಬಿಚ್ಚುವಾಗ ಮೊದಲು ಟ್ಯೂಬ್, ಕೊನೆಗೆ ಎದುರುತೂಕ.

ಕತ್ತಲೆಹುಡುಕ:
ತಾತ, ಕಾಲು ಒಳಗೆ ಸರಿಸಿದರೆ ಐಪೀಸ್ ಇನ್ನೂ ನೆಲಕ್ಕೆ ಹೋಗುತ್ತದಲ್ಲ! ಅವರ ಎರಡನೇ ದೂರೇ ಅದು.

ಟ್ರೈಪಾಡ್‌ತಾತ:
ಅದೇ ಅಲ್ವಾ ಉದ್ದ ರಿಫ್ರಾಕ್ಟರ್‌ನ ಹಣೆಬರಹ. ಎತ್ತರ ಬೇಕು, ಎತ್ತರ ಕೊಟ್ಟರೆ ಅಲುಗುತ್ತದೆ. ದಾರಿ ಅಂದರೆ ಕಾಲು ಗಿಡ್ಡ ಇಟ್ಟು, ತಲೆ ಮತ್ತು ಕಾಲಿನ ನಡುವೆ ದಪ್ಪ ಕೊಳವೆಯ ಪಿಯರ್ ತುಂಡು ಹಾಕುವುದು. ಸಣ್ಣ ಕಾಲನ್ನು ಉದ್ದ ಎಳೆಯುವುದಕ್ಕಿಂತ ದಪ್ಪ ಕೊಳವೆ ಎಷ್ಟೋ ಗಟ್ಟಿ. ಜಾಗ ಇದ್ದವರು ನೆಲದಲ್ಲಿ ಕಾಂಕ್ರೀಟ್ ಹಾಕಿ ಖಾಯಂ ಕಂಬ ನೆಡುತ್ತಾರೆ. ಆಮೇಲೆ ಬೇರೆ ಯಾವುದರ ಮೇಲೆ ನೋಡಿದರೂ ಸಮಾಧಾನ ಆಗುವುದಿಲ್ಲ, ಆ ರೋಗ ಬೇರೆ.

ಎತ್ತರ ಹೆಚ್ಚುಕಡಿಮೆ ಮಾಡುವ ವೀಕ್ಷಣಾ ಕುರ್ಚಿ ಒಂದು ತಗೊಳ್ಳಿ ಅಥವಾ ಹಲಗೆಯಲ್ಲಿ ಮಾಡಿಸಿ. ಐಪೀಸ್ ಏರಿಳಿಯುವ ದೂರ ಮುಕ್ಕಾಲು ಮೀಟರ್ ಹತ್ತಿರ ಬರುತ್ತದೆ. ಆ ಕುರ್ಚಿ ಇಲ್ಲದೆ ಈ ಟೆಲಿಸ್ಕೋಪ್ ಅರ್ಧ ಮಾತ್ರ.

ಹಳೆಗಣ್ಣು:
ನೇರಳೆ ಬಗ್ಗೆ ನಾನು ಹೇಳುತ್ತೇನೆ.

ಸಾಮಾನ್ಯ ಗಾಜಿನ ಅಕ್ರೋಮ್ಯಾಟ್‌ಗೆ (ಇಡಿ ಇಲ್ಲದ ಎರಡು ಗಾಜಿನ ಮಸೂರ) ಎರಡು ಹಳೇ ಅಳತೆಗಳಿವೆ. ಬಣ್ಣ ತೊಂದರೆ ಕೊಡಬಾರದು ಅಂದರೆ ಎಫ್ ಸಂಖ್ಯೆ, ಇಂಚಿನಲ್ಲಿ ಹೇಳಿದ ವ್ಯಾಸದ ಕನಿಷ್ಠ 3 ಪಟ್ಟು ಇರಬೇಕು. ಇದು ಸಿಜ್‌ವಿಕ್ ಅಳತೆ. ಕಾನ್ರೇಡಿ ಇನ್ನೂ ಕಟ್ಟುನಿಟ್ಟು, 5 ಪಟ್ಟು ಕೇಳುತ್ತಾರೆ. 6 ಇಂಚಿಗೆ, ಅಂದರೆ ನಿಮ್ಮ 150 ಮಿ.ಮೀ.ಗೆ, ಹಾಕಿ ನೋಡಿ. ಮೊದಲನೆಯ ಲೆಕ್ಕಕ್ಕೆ ಎಫ್ 18, ಅಂದರೆ ಎರಡೂ ಮುಕ್ಕಾಲು ಮೀಟರ್. ಎರಡನೆಯದಕ್ಕೆ ಎಫ್ 30, ನಾಲ್ಕೂವರೆ ಮೀಟರ್. ನಿಮ್ಮದು 1.2 ಮೀಟರ್‌ನಲ್ಲಿ ಮುಗಿದಿದೆ, ನೇರಳೆ ಕೂದಲೆಳೆಯಷ್ಟು ಮಾತ್ರ. ಆ ಒಂದು ಗಾಜಿನ ಕೆಲಸ ಅದು. ಎಫ್‌ಪಿಎಲ್-53ರ ಅಬ್ಬೆ ಸಂಖ್ಯೆ ಸುಮಾರು 95, ಮಾಮೂಲಿ ಬಿಕೆ-7 ಗಾಜಿನದು 64. ಸಂಖ್ಯೆ ಜಾಸ್ತಿ ಇದ್ದಷ್ಟೂ ಬಣ್ಣ ಚೆದುರುವುದು ಕಡಿಮೆ.

ದೂರುವ ಮುಂಚೆ ಇನ್ನೊಂದು ನೋಡಿ. ಜ್ಯೇಷ್ಠಾ ತಗ್ಗಿನಲ್ಲಿದ್ದಾಗ ಒಂದು ಅಂಚಲ್ಲಿ ಕೆಂಪು, ಎದುರು ಅಂಚಲ್ಲಿ ನೀಲಿ ಕಂಡರೆ ಅದು ನಿಮ್ಮ ಮಸೂರದ್ದಲ್ಲ, ವಾತಾವರಣವೇ ಪ್ರಿಸಂ ಆಗಿ ಬೆಳಕು ಚೆದುರಿಸುತ್ತದೆ. ಐಪೀಸ್‌ನ ಅಂಚಿಗೆ ನಕ್ಷತ್ರ ಹೋದಾಗ ಬರುವ ಬಣ್ಣ ಐಪೀಸ್‌ನದು. ಕಣ್ಣು ನಡುವೆ ಇಡದೆ ಪಕ್ಕಕ್ಕೆ ಸರಿದರೆ ನಮ್ಮ ಕಣ್ಣೇ ಬಣ್ಣ ತೋರಿಸುತ್ತದೆ. ಮಸೂರದ ಬಣ್ಣ ನಕ್ಷತ್ರದ ಸುತ್ತ ಸಮನಾಗಿರುತ್ತದೆ. ನಕ್ಷತ್ರವನ್ನು ನೆತ್ತಿಯ ಹತ್ತಿರ, ನೋಟದ ನಟ್ಟನಡುವೆ ಇಟ್ಟು ಪರೀಕ್ಷೆ ಮಾಡಿ.

ಹೊಸಬ:
ಮಧ್ಯೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ಡಬ್ಲೆಟ್ ಬದಲು ಟ್ರಿಪ್ಲೆಟ್ ತಗೊಂಡಿದ್ದರೆ ಆ ನೇರಳೆಯೂ ಇರುತ್ತಿರಲಿಲ್ಲ ಅಲ್ವಾ?

ಹಳೆಗಣ್ಣು:
ಇರುತ್ತಿರಲಿಲ್ಲ ಅಥವಾ ಇನ್ನೂ ಕಡಿಮೆ ಇರುತ್ತಿತ್ತು. ಆದರೆ ಮೂರು ಗಾಜು ಅಂದರೆ ಮುಂದಿನ ಭಾರ ಇನ್ನೂ ಜಾಸ್ತಿ. ನಡುವಿನ ಗಾಜು ಹೊರಗಿನ ತಂಪಿಗೆ ಹೊಂದಿಕೊಳ್ಳಲು ಇನ್ನೂ ನಿಧಾನ. ಕ್ಯಾಮೆರಾದವರಿಗೆ ಟ್ರಿಪ್ಲೆಟ್ ಬೇಕೇ ಬೇಕು, ಏಕೆಂದರೆ ಕ್ಯಾಮೆರಾ ನೇರಳೆಯನ್ನು ಹುಡುಕಿ ಹಿಡಿಯುತ್ತದೆ. ಬರೀ ಕಣ್ಣಿಗಾದರೆ ಎಫ್ 8 ಡಬ್ಲೆಟ್ ಸಾಕು ಅನ್ನುವುದು ನನ್ನ ಅಭಿಪ್ರಾಯ. ಕಣ್ಣು ನೇರಳೆಯ ತುದಿಗೆ ಮೊದಲೇ ಮಂಕು, ವಯಸ್ಸಾದಂತೆ ಇನ್ನೂ ಮಂಕು. ನನ್ನ ಹೆಸರು ನೋಡಿ ಅರ್ಥ ಮಾಡಿಕೊಳ್ಳಿ.

ಕತ್ತಲೆಹುಡುಕ:
ಟೆಲಿಸ್ಕೋಪ್ ಹೊರಗಿಟ್ಟು ಎಷ್ಟು ಹೊತ್ತು ಕಾದಿರಿ?

ಮಸೂರಪ್ರಿಯ:
ಮುಕ್ಕಾಲು ಗಂಟೆ. ಇಟ್ಟ ತಕ್ಷಣ ನೋಡಿದರೆ ಚಂದ್ರನ ಅಂಚು ಕುದಿಯುವ ಹಾಗೆ ಕಾಣುತ್ತಿತ್ತು. ಅರ್ಧ ಗಂಟೆ ಆದ ಮೇಲೆ ಒಂದು ಹದಕ್ಕೆ ಬಂತು. 100 ಮಿ.ಮೀ.ಗೆ ಇಷ್ಟು ಹೊತ್ತು ಬೇಕಿರಲಿಲ್ಲ.

ಡಾಬ್‌ಸವಾರ:
ನನ್ನ ದಪ್ಪ ಕನ್ನಡಿಗೆ ಫ್ಯಾನ್ ಹಾಕದಿದ್ದರೆ ಒಂದು ಗಂಟೆ ಮೇಲೆ ಬೇಕು. ಇದೊಂದು ವಿಷಯದಲ್ಲಿ ನಿಮಗೇ ಅಂಕ. ಬರೆದಿಟ್ಟುಕೊಳ್ಳಿ, ಪದೇ ಪದೇ ಕೊಡುವುದಿಲ್ಲ.

ಚಂದ್ರಚಕೋರಿ:
ಡಾಸ್ ಮಿತಿ ಅಂತ ಮೇಲೆ ಯಾರೋ ಹೇಳಿದ್ದರಲ್ಲ, ಅದನ್ನು ಎಲ್ಲದಕ್ಕೂ ಅಳತೆಗೋಲು ಮಾಡಬೇಡಿ. ಚಂದ್ರನ ಮೇಲೆ ಒಂದು ಆರ್ಕ್‌ಸೆಕೆಂಡ್ ಅಂದರೆ ಸುಮಾರು 1.9 ಕಿ.ಮೀ. ಹಾಗಾದರೆ 150ಕ್ಕೆ ಒಂದೂವರೆ ಕಿಲೋಮೀಟರ್‌ಗಿಂತ ಸಣ್ಣದು ಕಾಣಲೇಬಾರದು. ಆದರೆ ಉದ್ದ ಗೆರೆಯಾಗಿದ್ದರೆ ಅದಕ್ಕಿಂತ ತೆಳುವಾದ ಬಿರುಕೂ ಕಾಣುತ್ತದೆ. ಆಲ್ಪ್ಸ್ ಕಣಿವೆಯ ನೆಲದಲ್ಲಿ ಒಂದು ಕಿಲೋಮೀಟರ್‌ಗೂ ಕಡಿಮೆ ಅಗಲದ ಬಿರುಕಿದೆ. ಗಾಳಿ ಒಳ್ಳೆಯದಿದ್ದ ರಾತ್ರಿ, ಬೆಳಕು ಓರೆಯಾಗಿದ್ದಾಗ ಅದರ ತುಂಡು ತುಂಡು 150 ಮಿ.ಮೀ.ನಲ್ಲಿ ನೋಡಿದ್ದೇನೆ.

ಶನಿಯ ಕ್ಯಾಸಿನಿ ಸಂದು ಇನ್ನೂ ಒಳ್ಳೆ ಉದಾಹರಣೆ. ಅಗಲ ಸುಮಾರು 4,800 ಕಿ.ಮೀ., ಇಲ್ಲಿಂದ ನೋಡಿದರೆ ಮುಕ್ಕಾಲು ಆರ್ಕ್‌ಸೆಕೆಂಡ್ ಅಷ್ಟೆ. 60 ಮಿ.ಮೀ. ಟೆಲಿಸ್ಕೋಪ್‌ನಲ್ಲೂ ಅದು ಕಾಣುತ್ತದೆ. ಲೆಕ್ಕದ ಪ್ರಕಾರ ಕಾಣಬಾರದು. ಡಾಸ್ ಹೇಳಿದ್ದು ಸಮ ಹೊಳಪಿನ ಎರಡು ಚುಕ್ಕಿಯ ಮಾತು, ಬೆಳ್ಳಗಿನ ಮೇಲೆ ಎಳೆದ ಕಪ್ಪು ಗೆರೆಯದ್ದಲ್ಲ.

ಡಾಬ್‌ಸವಾರ:
ಮೇಡಂ, ಅದು ಡಾಬ್‌ಗೂ ಅನ್ವಯಿಸುತ್ತದೆ ಅಲ್ವಾ. ಗೆರೆ ಎಲ್ಲರಿಗೂ ಗೆರೆಯೇ.

ಚಂದ್ರಚಕೋರಿ:
ಅನ್ವಯಿಸುತ್ತದೆ. ನಾನೇನು ಡಾಬ್ ವಿರೋಧಿ ಅಲ್ಲ ಮಾರಾಯ್ರೇ, ನನ್ನ ಬಳಿಯೂ ಒಂದಿದೆ.

ಜೋಡಿತಾರೆ:
ಮಸೂರಪ್ರಿಯ, ಮುಂದಿನ ಪಟ್ಟಿ ಕೊಡುತ್ತೇನೆ. ಸ್ವಾತಿ ನಕ್ಷತ್ರದ ಮೇಲ್ಗಡೆ ಈಜಾರ್ ಜೋಡಿ, ನಡುವೆ ಸುಮಾರು 2.9 ಆರ್ಕ್‌ಸೆಕೆಂಡ್. ಒಂದು ಕಿತ್ತಳೆ, ಪಕ್ಕದ್ದು ತಿಳಿನೀಲಿ. 100ರಲ್ಲಿ ಅಂಟಿಕೊಂಡ ಹಾಗೆ ಕಂಡದ್ದು ಇದರಲ್ಲಿ ಅಂತರ ಬಿಟ್ಟು ನಿಲ್ಲುತ್ತದೆ. ಆಮೇಲೆ ಡೆಲ್ಟಾ ಸಿಗ್ನಿ ಜೋಡಿ. ಮಹಾವ್ಯಾಧ ಬಂದಾಗ ಅದರ ನೀಹಾರಿಕೆಯೊಳಗಿನ ಟ್ರೆಪೀಸಿಯಂ ಗುಂಪಿನಲ್ಲಿ ನಾಲ್ಕಕ್ಕೇ ನಿಲ್ಲಬೇಡಿ, ಐದು ಮತ್ತು ಆರನೆಯ ನಕ್ಷತ್ರ ಹುಡುಕಿ.

ಕೊನೆಗೆ ಲುಬ್ಧಕದ ಸಂಗಾತಿ. ಈಗ ಅದು ಸುಮಾರು 11 ಆರ್ಕ್‌ಸೆಕೆಂಡ್ ದೂರದಲ್ಲಿದೆ, 50 ವರ್ಷದ ಸುತ್ತಿನಲ್ಲಿ ನೋಡಲು ಅನುಕೂಲವಾದ ಕಾಲ ಇದು. ಕಷ್ಟ ದೂರದ್ದಲ್ಲ, ಹೊಳಪಿನದು. ಲುಬ್ಧಕ ಅದಕ್ಕಿಂತ ಹತ್ತಿರ ಹತ್ತಿರ ಹತ್ತು ಸಾವಿರ ಪಟ್ಟು ಪ್ರಕಾಶ. ಮೊದಲು ರೈಜೆಲ್ ಮೇಲೆ ಅಭ್ಯಾಸ ಮಾಡಿ. ಅದರ ಸಂಗಾತಿ ಸುಮಾರು 9.5 ಆರ್ಕ್‌ಸೆಕೆಂಡ್ ದೂರ, ಹೊಳಪಿನ ವ್ಯತ್ಯಾಸ ಮಾತ್ರ ಅಷ್ಟು ಕ್ರೂರವಲ್ಲ. ರೈಜೆಲ್ ಸಂಗಾತಿ ಸಲೀಸಾಗಿ ಕಂಡ ರಾತ್ರಿ ಲುಬ್ಧಕದ ಕಡೆ ತಿರುಗಿಸಿ, ಇಲ್ಲದಿದ್ದರೆ ಸುಮ್ನೆ ಕಣ್ಣು ನೋವು.

ಹಳೆಗಣ್ಣು:
ಲುಬ್ಧಕದ ಸಂಗಾತಿಯನ್ನು ಮೊದಲು ಕಂಡದ್ದೂ ಹೊಸ ರಿಫ್ರಾಕ್ಟರ್‌ನ ಪರೀಕ್ಷೆಯಲ್ಲೇ. 1862ರ ಜನವರಿಯಲ್ಲಿ ಆಲ್ವನ್ ಗ್ರಹಾಂ ಕ್ಲಾರ್ಕ್ ಹೊಸದಾಗಿ ಉಜ್ಜಿದ 18.5 ಇಂಚಿನ ಮಸೂರ ಪರೀಕ್ಷಿಸುತ್ತಿದ್ದಾಗ ಪಕ್ಕದಲ್ಲಿ ಒಂದು ಚುಕ್ಕಿ ಕಂಡಿತು. ಲುಬ್ಧಕದ ಓಲಾಟ ನೋಡಿ ಅಲ್ಲೊಂದು ಕಾಣದ ಸಂಗಾತಿ ಇರಬೇಕು ಅಂತ ಖಗೋಳಜ್ಞ ಬೆಸೆಲ್ ಅದಕ್ಕೂ ಮುಂಚೆ, 1844ರಲ್ಲೇ ಹೇಳಿಯಾಗಿತ್ತು.

ಟ್ರೈಪಾಡ್‌ತಾತ:
ಇತಿಹಾಸ ಶುರುವಾಯಿತು ಅಂದ ಮೇಲೆ ನಾನೂ ಒಂದು ಸೇರಿಸುತ್ತೇನೆ, ಐಪೀಸ್ ಎತ್ತರದ ವಿಷಯವೇ. ಅಮೆರಿಕದ ಲಿಕ್ ವೀಕ್ಷಣಾಲಯದ 36 ಇಂಚಿನ ರಿಫ್ರಾಕ್ಟರ್ 1888ರದು. ಅಲ್ಲಿ ಕುರ್ಚಿ ಏರಿಸಿ ಇಳಿಸುವ ಗೋಜೇ ಬೇಡ ಅಂತ ಇಡೀ ನೆಲವನ್ನೇ ಮೇಲೆ ಕೆಳಗೆ ಓಡಾಡುವ ಹಾಗೆ ಮಾಡಿದರು. ಯರ್ಕಿಸ್ ವೀಕ್ಷಣಾಲಯದ 40 ಇಂಚಿಗೂ ಅದೇ ಏರ್ಪಾಡು. 1897ರಲ್ಲಿ, ಉದ್ಘಾಟನೆಗೆ ಮುಂಚೆಯೇ, ಆ ನೆಲ ಕಳಚಿ ಕೆಳಗೆ ಬಿತ್ತು. ಪುಣ್ಯಕ್ಕೆ ಆಗ ಮೇಲೆ ಯಾರೂ ಇರಲಿಲ್ಲ. ಮಸೂರಕ್ಕೆ ಏನೂ ಆಗಲಿಲ್ಲ.

ಕತ್ತಲೆಹುಡುಕ:
ಆ ಲಿಕ್ 36 ಇಂಚಿನಲ್ಲೇ ಅಲ್ವಾ 1892ರಲ್ಲಿ ಬರ್ನಾರ್ಡ್ ಗುರುವಿನ ಐದನೇ ಚಂದ್ರ ಕಂಡದ್ದು? ಅಮಲ್ಥಿಯಾ. ಫೋಟೋ ಇಲ್ಲದೆ ಬರೀ ಕಣ್ಣಲ್ಲಿ ನೋಡಿ ಕಂಡುಹಿಡಿದ ಕೊನೆಯ ಗ್ರಹಚಂದ್ರ ಅದು. ಗುರುವಿನ ಝಗಮಗದ ಪಕ್ಕದಲ್ಲೇ ಅಷ್ಟು ಮಂಕಾದ ಚುಕ್ಕಿ ಹಿಡಿಯಬೇಕಾದರೆ ಗಾಜೂ ಕಣ್ಣೂ ಎರಡೂ ಬೇಕು.

ಹೊಸಬ:
ಹಾಗಾದರೆ 40 ಇಂಚಿಗಿಂತ ದೊಡ್ಡ ರಿಫ್ರಾಕ್ಟರ್ ಯಾಕೆ ಮಾಡಲಿಲ್ಲ?

ಹಳೆಗಣ್ಣು:
ಮಸೂರವನ್ನು ಅಂಚಲ್ಲಿ ಮಾತ್ರ ಹಿಡಿಯಲು ಸಾಧ್ಯ, ಬೆಳಕು ನಡುವಿನಿಂದ ಹೋಗಬೇಕಲ್ಲ. ದೊಡ್ಡದಾದಷ್ಟೂ ತನ್ನದೇ ಭಾರಕ್ಕೆ ಬಾಗುತ್ತದೆ. ದಪ್ಪ ಗಾಜು ಬೆಳಕನ್ನೂ ಹೀರುತ್ತದೆ. ಕನ್ನಡಿಗೆ ಹಿಂದಿನಿಂದ ಎಲ್ಲೆಲ್ಲೂ ಆಸರೆ ಕೊಡಬಹುದು. 1900ರ ಪ್ಯಾರಿಸ್ ಪ್ರದರ್ಶನಕ್ಕೆ ಅದಕ್ಕಿಂತ ದೊಡ್ಡದೊಂದು ಮಾಡಿದ್ದರು, ಆದರೆ ಅದು ಖಾಯಂ ಕೆಲಸಕ್ಕೆ ನಿಲ್ಲಲಿಲ್ಲ.

ಡಾಬ್‌ಸವಾರ:
ಕನ್ನಡಿ ಗೆದ್ದಿತು ಅಂತ ಬಾಯಿಬಿಟ್ಟು ಹೇಳಿ ಸಾರ್.

ನಿರ್ವಾಹಕ:
ಕನ್ನಡಿ–ಮಸೂರ ಯುದ್ಧಕ್ಕೆ ಬೇರೆ ಎಳೆ ಇದೆ, ಅಲ್ಲಿಗೆ ಹೋಗಿ. ಇಲ್ಲಿ ಈ ಟೆಲಿಸ್ಕೋಪ್ ಬಗ್ಗೆ ಮಾತಾಡೋಣ.

ಮಸೂರಪ್ರಿಯ:
ತಾತ ಹೇಳಿದ ಪರೀಕ್ಷೆ ಮಾಡಿದೆ. ಕಾಲು ಪೂರ್ತಿ ಒಳಗೆ ಸರಿಸಿ ತಟ್ಟಿದರೆ ಎರಡು ಸೆಕೆಂಡ್‌ಗೂ ಮುಂಚೆ ನಿಲ್ಲುತ್ತದೆ. ಅಂದರೆ ತಲೆ ಪರವಾಗಿಲ್ಲ, ಕಾಲುಗಳದ್ದೇ ಕಾಟ. ರಿಂಗ್‌ಗಳನ್ನು ದೂರ ಸರಿಸಿದ್ದು ಎಷ್ಟು ಸಹಾಯ ಮಾಡಿತು ಅಂದರೆ ನನಗೇ ಆಶ್ಚರ್ಯ. ಎದುರುತೂಕ ಇನ್ನೊಂದು ಸೇರಿಸಿ ಮೇಲಕ್ಕೆ ಎಳೆದೆ. ಫೋಕಸರ್‌ನಲ್ಲಿ ಹತ್ತಕ್ಕೊಂದು ವೇಗದ ಸಣ್ಣ ಗುಂಡಿ ಇದೆ. ಅದನ್ನು ಎರಡು ಬೆರಳಲ್ಲಿ ಹಿಡಿದು ತಿರುಗಿಸಿದರೆ ಈಗ ನಕ್ಷತ್ರ ಸ್ವಲ್ಪ ನಡುಗಿ ನಿಲ್ಲುತ್ತದೆ. ಪಿಯರ್ ತುಂಡಿನ ಅಳತೆ ತೆಗೆಯುತ್ತಿದ್ದೇನೆ.

ಹಳೆಗಣ್ಣು ಸಾರ್, ನೆತ್ತಿಯ ಹತ್ತಿರ ಇಟ್ಟು ನೋಡಿದೆ. ನೇರಳೆ ಇದೆ, ಸುತ್ತ ಸಮನಾಗಿ, ತುಂಬಾ ತೆಳುವಾಗಿ. ಫೋಕಸ್‌ನಿಂದ ಒಳಗೆ ಹೊರಗೆ ಸರಿಸಿದರೆ ಎರಡೂ ಕಡೆ ಉಂಗುರಗಳು ಹೆಚ್ಚುಕಡಿಮೆ ಒಂದೇ ತರ. ಗುಂಡಗೂ ಇವೆ.

ಹಳೆಗಣ್ಣು:
ಗುಂಡಗಿವೆ, ಎರಡೂ ಕಡೆ ಒಂದೇ ತರ ಇವೆ ಅಂದರೆ ಇನ್ನೇನು ಬೇಕು? ಗಾಜಿನ ತಿರುಪುಗಳನ್ನು ಮುಟ್ಟಲೇಬೇಡಿ.

ಕತ್ತಲೆಹುಡುಕ:
ನೀಹಾರಿಕೆ ಕಡೆಯವರನ್ನು ಯಾರೂ ಕೇಳುತ್ತಿಲ್ಲ. 100ರಿಂದ 150ಕ್ಕೆ ಬೆಳಕು 2.25 ಪಟ್ಟು, ಅಂದರೆ ಸುಮಾರು 0.9 ಕಾಂತಿಮಾನ (ಹೊಳಪಿನ ಅಳತೆ) ಆಳಕ್ಕೆ ಹೋಗುತ್ತೀರಿ. ಕತ್ತಲು ಚೆನ್ನಾಗಿರುವ ಕಡೆ 40 ಮಿ.ಮೀ. ಎರಡಿಂಚಿನ ಐಪೀಸ್ ಹಾಕಿ. 30 ಪಟ್ಟು, 5 ಮಿ.ಮೀ. ನಿರ್ಗಮ ಪಾಪೆ (ಐಪೀಸ್‌ನಿಂದ ಹೊರಬರುವ ಕಿರಣದ ಅಗಲ), ನೋಟ ಎರಡು ಡಿಗ್ರಿಗೂ ಸ್ವಲ್ಪ ಜಾಸ್ತಿ. ಕೃತ್ತಿಕೆ ಪೂರ್ತಿ ಒಳಗೆ ಕೂರುತ್ತದೆ. ಪರ್ಸಿಯಸ್‌ನ ಜೋಡಿ ಗುಚ್ಛಕ್ಕೆ ಸುತ್ತ ಜಾಗ ಉಳಿಯುತ್ತದೆ. ಅಲ್ಲಿ ನಕ್ಷತ್ರಗಳು ಸೂಜಿಮೊನೆಯಷ್ಟು ಸಣ್ಣಗೆ ಅಂಚಿನ ತನಕ. ವೇಲ್ ನೀಹಾರಿಕೆ ಮೂರು ಡಿಗ್ರಿ ಅಗಲ, ಒಂದೇ ನೋಟದಲ್ಲಿ ಸಿಗುವುದಿಲ್ಲ. ಒಥ್ರೀ ಫಿಲ್ಟರ್ (ನೀಹಾರಿಕೆಯ ಆಮ್ಲಜನಕದ ಬೆಳಕನ್ನು ಮಾತ್ರ ಬಿಡುವಂಥದ್ದು) ಹಾಕಿ ಪೂರ್ವದ ಕಮಾನು ಒಂದು ಸಲ, ಪಶ್ಚಿಮದ್ದು ಇನ್ನೊಂದು ಸಲ ನೋಡಿ. ಮಸುಕು ಗೆಲಾಕ್ಸಿ ಬೆನ್ನಟ್ಟಬೇಕಾದರೆ ಡಾಬ್‌ಸವಾರ ಹೇಳಿದ್ದು ಸರಿ, ಅದಕ್ಕೆ ದೊಡ್ಡ ಕನ್ನಡಿಯೇ ಬೇಕು.

ಡಾಬ್‌ಸವಾರ:
ಯಾರಾದರೂ ಇದನ್ನು ಎಳೆಯ ಮೇಲ್ಗಡೆ ಅಂಟಿಸಿ.

ಮಸೂರಪ್ರಿಯ:
ಇನ್ನೊಂದು ಕೇಳುವುದಿತ್ತು. ವರ್ಧನೆ ಏರಿಸಿದರೆ ಚಂದ್ರನ ಮೇಲೆ ಎಳೆಎಳೆಯಾಗಿ ಏನೋ ತೇಲುತ್ತದೆ. ಕಣ್ಣು ಆಡಿಸಿದರೆ ಅದೂ ಆಡುತ್ತದೆ.

ಹಳೆಗಣ್ಣು:
ಅದು ನಿಮ್ಮ ಕಣ್ಣೊಳಗಿನದು. 300 ಪಟ್ಟಿಗೆ ಏರಿಸಿದರೆ ನಿರ್ಗಮ ಪಾಪೆ ಅರ್ಧ ಮಿಲಿಮೀಟರ್. ಅಷ್ಟು ಸಣ್ಣ ಕಿರಣದಲ್ಲಿ ಕಣ್ಣೊಳಗಿನ ಕಸದ ನೆರಳು ಚೂಪಾಗಿ ಬೀಳುತ್ತದೆ. ಇದಕ್ಕೇ ನಾನು ದೊಡ್ಡ ವ್ಯಾಸ ಇಷ್ಟಪಡುವುದು. 100 ಮಿ.ಮೀ.ನಲ್ಲಿ 200 ಪಟ್ಟು ಅಂದರೂ ಅರ್ಧ ಮಿಲಿಮೀಟರೇ, ನಿಮ್ಮದರಲ್ಲಿ ಅದೇ 200ಕ್ಕೆ ಮುಕ್ಕಾಲು ಸಿಗುತ್ತದೆ. ಬೈನೋ ವ್ಯೂವರ್ ಹಾಕಿ ಎರಡೂ ಕಣ್ಣಲ್ಲಿ ನೋಡಿದರೆ ಕಾಟ ತುಂಬಾ ಕಡಿಮೆ. ತೇಲುವುದು ಒಮ್ಮೆಲೇ ಜಾಸ್ತಿಯಾದರೆ, ಮಿಂಚು ಕಂಡರೆ ಮಾತ್ರ ಇಲ್ಲಿ ಕೇಳಬೇಡಿ, ತಕ್ಷಣ ಕಣ್ಣಿನ ಡಾಕ್ಟರ ಹತ್ತಿರ ಹೋಗಿ.

ಹೊಸಬ:
ಕನ್ನಡಕ ಹಾಕಿಕೊಂಡು ನೋಡಬೇಕಾ, ತೆಗೆದಾ? ನನಗೆ ಅಸ್ಟಿಗ್ಮಾಟಿಸಂ ಇದೆ.

ಚಂದ್ರಚಕೋರಿ:
ದೂರದೃಷ್ಟಿ, ಸಮೀಪದೃಷ್ಟಿ ಫೋಕಸರ್‌ನಲ್ಲೇ ಸರಿಹೋಗುತ್ತದೆ. ಅಸ್ಟಿಗ್ಮಾಟಿಸಂ ಹೋಗುವುದಿಲ್ಲ. ಆದರೆ ವರ್ಧನೆ ಜಾಸ್ತಿ ಇದ್ದಾಗ ಕಣ್ಣಿನ ನಡುಭಾಗ ಮಾತ್ರ ಬಳಕೆಯಾಗುವುದರಿಂದ ಅದು ಅಷ್ಟಾಗಿ ಕಾಡುವುದಿಲ್ಲ. 30 ಪಟ್ಟಿನಲ್ಲಿ ಕನ್ನಡಕ ಬೇಕಾಗಬಹುದು. ಐ ರಿಲೀಫ್ (ಐಪೀಸ್‌ನಿಂದ ಕಣ್ಣಿಡಬೇಕಾದ ದೂರ) 18–20 ಮಿ.ಮೀ. ಇರುವ ಐಪೀಸ್ ಆರಿಸಿ, ಇಲ್ಲದಿದ್ದರೆ ನೋಟದ ಅಂಚು ಕಾಣುವುದಿಲ್ಲ.

ಟ್ರೈಪಾಡ್‌ತಾತ:
ಕೊನೆಯ ಪ್ರಶ್ನೆಗೆ ಯಾರೂ ಉತ್ತರ ಕೊಟ್ಟಿಲ್ಲ. ಉತ್ಸಾಹ ಉಳಿಯುತ್ತದಾ ಅಂದರೆ, ಹೊರಗೆ ತರುವ ಕೆಲಸ ಎಷ್ಟು ಸುಲಭ ಮಾಡಿಕೊಳ್ಳುತ್ತೀರೋ ಅದರ ಮೇಲೆ. ರಿಂಗ್‌ಗಳ ಮೇಲೆ ಹಿಡಿ ಹಾಕಿಸಿ. ಮೌಂಟ್ ಬಿಚ್ಚದೆ ಇಡುವ ಜಾಗ ಹುಡುಕಿ. ನನ್ನ ದೊಡ್ಡ ಟ್ಯೂಬ್ ಚಂದ್ರ, ಗ್ರಹ ಒಳ್ಳೆ ಎತ್ತರದಲ್ಲಿದ್ದಾಗ ಮಾತ್ರ ಹೊರಗೆ ಬರುತ್ತದೆ. ಉಳಿದ ದಿನ ಸಣ್ಣದೇ. ಹಾಗಾಗಿ ಆ 100 ಮಿ.ಮೀ. ಮಾರಬೇಡಿ.

ಜೋಡಿತಾರೆ:
ಮಾರಬೇಡಿ ಅನ್ನುವುದಕ್ಕೆ ನನ್ನದೂ ಒಂದು ಕೈ.

ಡಾಬ್‌ಸವಾರ:
ಮಾರಿ ಡಾಬ್ ತಗೊಳ್ಳಿ.

ಮಸೂರಪ್ರಿಯ:
100 ಉಳಿಯುತ್ತದೆ. ಡಾಬ್‌ಸವಾರರೇ, ನಿಮ್ಮ ಕನ್ನಡಿಯಲ್ಲಿ ಜ್ಯೇಷ್ಠಾ ಸಂಗಾತಿ ಕಂಡ ದಿನ ಇಲ್ಲೇ ಬರೆಯಿರಿ.

ಡಾಬ್‌ಸವಾರ:
ಕಂಡಿದೆ ಸಾರ್. ಕನ್ನಡಿ ಮುಂದೆ ಒಂದು ಕಡೆ ತೂತು ಮಾಡಿದ ರಟ್ಟು ಇಟ್ಟು, ನಡುವಿನ ಅಡ್ಡಿ ತಪ್ಪಿಸಿ, 100 ಮಿ.ಮೀ. ಅಷ್ಟು ಮಾತ್ರ ತೆರೆದು ನೋಡಿದಾಗ.

ಜೋಡಿತಾರೆ:
ಅಂದರೆ ಡಾಬನ್ನು ಸಣ್ಣ ರಿಫ್ರಾಕ್ಟರ್ ಮಾಡಿಕೊಂಡು ನೋಡಿದಿರಿ!

ಹೊಸಬ:
ರಟ್ಟಿನ ತೂತು ಎಲ್ಲಿ, ಎಷ್ಟು ದೊಡ್ಡದು ಅಂತ ಸ್ವಲ್ಪ ವಿವರವಾಗಿ ಬರೆಯುತ್ತೀರಾ? ನನ್ನದು 200 ಮಿ.ಮೀ. ಡಾಬ್.

ಡಾಬ್‌ಸವಾರ:
ನಡುವಿನ ಕನ್ನಡಿಯ ಅಂಚಿಗೂ ಟ್ಯೂಬ್ ಗೋಡೆಗೂ ನಡುವೆ ಎಷ್ಟು ಜಾಗ ಇದೆ ಅಂತ ಅಳೆಯಿರಿ. 200ರಲ್ಲಿ 70 ಮಿ.ಮೀ. ಆಸುಪಾಸು ಸಿಗುತ್ತದೆ. ಕನ್ನಡಿ ಹಿಡಿದ ಸರಳುಗಳು ಅಡ್ಡ ಬರದ ಕಡೆ ತೂತು ಇರಲಿ. ಆದರೆ 70ಕ್ಕೆ ಇಳಿಸಿದರೆ ಜ್ಯೇಷ್ಠಾ ಕಷ್ಟ, ಡಾಸ್ ಮಿತಿಯೇ 1.66ಕ್ಕೆ ಏರಿಬಿಡುತ್ತದೆ. ಅದಕ್ಕಿಂತ ಪೂರ್ತಿ 200 ಇಟ್ಟುಕೊಂಡು ಒಳ್ಳೆ ಗಾಳಿಗೆ ಕಾಯಿರಿ.